ಮಡಚುವ ರೊಟ್ಟಿ, ಮುರಿಯುವ ರೊಟ್ಟಿ: ಶುಗರ್ ಇದ್ದವರ ಎಲುಬಿನ ಮಾತು

ಕಲಬುರಗಿಯಲ್ಲಿ ನಮ್ಮ ಬಡಾವಣೆಯ ನಿವೃತ್ತರ ಬಳಗ ಒಂದು ಭಾನುವಾರ ಬೆಳಿಗ್ಗೆ ಕರೆದಾಗ ಆಡಿದ ಮಾತುಗಳಿವು. ಬರಹಕ್ಕಿಳಿಸುವಾಗ ಪುನರುಕ್ತಿಗಳನ್ನು ತೆಗೆದಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳನ್ನು ಬಿಟ್ಟಿಲ್ಲ.

ಶರಣು ಶರಣಾರ್ಥಿ. ಮೈಕ್ ಹಿಡಿದ ಡಾಕ್ಟರು ಮೊದಲು ಅಂಕಿಸಂಖ್ಯೆ ಹೇಳುವುದು ವಾಡಿಕೆ. ನಾನು ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಿವೃತ್ತ ಅಕ್ಕೋರೊಬ್ಬರು ನನ್ನ ಬಳಿ ಬರುತ್ತಿದ್ದರು. ಅರವತ್ತಾರು ವಯಸ್ಸು, ಹದಿನೇಳು ವರ್ಷದ ಶುಗರ್. ಹೈದರಾಬಾದಿನಲ್ಲಿರುವ ಮಗಳು ಹಟ ಹಿಡಿದು ಅಲ್ಲಿ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ದಳು. ವರದಿ ತಂದು ನನ್ನ ಮೇಜಿನ ಮೇಲಿಟ್ಟರು. ಬೆನ್ನೆಲುಬಿನ ಟಿ-ಸ್ಕೋರ್ -0.4, ಚಪ್ಪೆಯದು -0.8. ಎರಡೂ ನಾರ್ಮಲ್. ಹೊರಗೆ ಇನ್ನೂ ಮೂವತ್ತು ಜನ ಕೂತಿದ್ದರು. ನಾನು ಕಾಗದ ಮಡಚಿ ಕೊಡುತ್ತ, "ಅಕ್ಕೋರೆ, ನಿಮ್ಮ ಎಲುಬು ಗಟ್ಟಿ ಅವ, ಚಿಂತಿ ಬಿಡ್ರಿ" ಅಂದುಬಿಟ್ಟೆ.

ಹದಿನಾಲ್ಕು ತಿಂಗಳಾದ ಮೇಲೆ ಅವರು ನಸುಕಿನಲ್ಲಿ ಬಚ್ಚಲಿಗೆ ಹೋದಾಗ ಒದ್ದೆ ಶಹಾಬಾದಿ ಕಲ್ಲಿನ ಮೇಲೆ ಕಾಲು ಜಾರಿತು. ಮಾಳಿಗೆಯಿಂದ ಬಿದ್ದದ್ದಲ್ಲ, ಮೋಟರ್ ಸೈಕಲ್ ಹಾಯ್ದದ್ದಲ್ಲ. ನಿಂತ ಎತ್ತರದಿಂದ, ಬಕೆಟ್ ಹಿಡಿಯಲು ಹೋಗಿ, ಮಗ್ಗುಲಾಗಿ ಕುಸಿದದ್ದು ಅಷ್ಟೇ. ಚಪ್ಪೆಯ ಸಂದಿನಲ್ಲಿ ತೊಡೆಯೆಲುಬಿನ ಕುತ್ತಿಗೆ ಮುರಿದಿತ್ತು. ವಾರ್ಡಿನಲ್ಲಿ ನೋಡಲು ಹೋದೆ. "ಸಾಹೇಬ್ರ, ಎಲುಬು ಗಟ್ಟಿ ಅವ ಅಂದಿದ್ರಲ್ರೀ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಹುಡುಗನ ಪಾಟಿ ಹಿಡಿದು ಲೆಕ್ಕ ಎಲ್ಲಿ ತಪ್ಪಿತು ಅಂತ ಹುಡುಕುವ ಅಕ್ಕೋರ ದನಿ ಅದು. ಅದಕ್ಕೇ ಇನ್ನೂ ಕಿವಿಯಲ್ಲಿ ಉಳಿದಿದೆ.

ಲೆಕ್ಕ ಎಲ್ಲಿ ತಪ್ಪಿತು? ಸ್ಕ್ಯಾನ್ ತಪ್ಪಿರಲಿಲ್ಲ. ಡೆಕ್ಸಾ ಯಂತ್ರ ಎರಡು ಬಗೆಯ ಕ್ಷ-ಕಿರಣ ಹಾಯಿಸಿ, ಎಲುಬಿನಲ್ಲಿ ಖನಿಜ, ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ರಂಜಕ, ಎಷ್ಟು ತುಂಬಿದೆ ಎಂದು ಅಳೆಯುತ್ತದೆ. ಆ ಅಳತೆಯನ್ನು ಯೌವನದ ಆರೋಗ್ಯವಂತರ ಸರಾಸರಿಗೆ ಹೋಲಿಸಿದಾಗ ಬರುವುದೇ ಟಿ-ಸ್ಕೋರ್. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆಯಿತು: -1ರವರೆಗೆ ಸರಿ, -2.5 ಮತ್ತು ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಅಂದರೆ ಎಲುಬು ಟೊಳ್ಳಾಗುವ ರೋಗ, ನಡುವಿನದು ಸವಕಲು. ಶುಗರ್ ಇಲ್ಲದ ವಯಸ್ಸಾದವರಿಗೆ ಈ ಗೆರೆ ಬಹುಮಟ್ಟಿಗೆ ಕೆಲಸ ಮಾಡುತ್ತದೆ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಇರುವಂಥ ಎರಡನೇ ಬಗೆಯ ಶುಗರಿನಲ್ಲಿ ಖನಿಜದ ಅಳತೆ ಸರಿಯಾಗಿಯೇ ಇರುತ್ತದೆ. ಎಷ್ಟೋ ಸಲ ಶುಗರ್ ಇಲ್ಲದವರಿಗಿಂತ ಒಂದು ಗುಲಗಂಜಿ ಹೆಚ್ಚೇ ಇರುತ್ತದೆ. ಹಾಗಿದ್ದೂ ಎಲುಬು ಮುರಿಯುವುದು ಹೆಚ್ಚು. ಚಪ್ಪೆ ಮುರಿಯುವ ಅಪಾಯ ಅವರಲ್ಲಿ ಬೇರೆಯವರಿಗಿಂತ 1.3ರಿಂದ 1.7 ಪಟ್ಟು ಎಂದು ಅಧ್ಯಯನಗಳು ಹೇಳುತ್ತವೆ. ಚಿಕ್ಕಂದಿನಿಂದ ಇನ್ಸುಲಿನ್ ಮೇಲೇ ಇರುವ ಮೊದಲನೇ ಬಗೆಯವರಲ್ಲಿ ಸಾಂದ್ರತೆಯೂ ಕಡಿಮೆ, ಅಪಾಯವೂ ಹಲವು ಪಟ್ಟು.

ದೇಶದಲ್ಲಿ ಶುಗರ್ ಇರುವವರು 10.1 ಕೋಟಿ ಎಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಹೇಳಿತು. ಇಷ್ಟೂ ಜನರಿಗೆ ಕಣ್ಣು, ಕಿಡ್ನಿ, ಪಾದ ತೋರಿಸಿಕೊಳ್ಳಿ ಅಂತ ನಾವು ಹೇಳುತ್ತಲೇ ಬಂದಿದ್ದೇವೆ. ಎಲುಬಿನ ಮಾತು ಯಾರ ಚೀಟಿಯಲ್ಲೂ ಇರುವುದಿಲ್ಲ. ನನ್ನ ಚೀಟಿಯಲ್ಲೂ ಇರಲಿಲ್ಲ.

ಖನಿಜ ಸಾಕಷ್ಟಿದ್ದೂ ಯಾಕೆ ಮುರಿಯುತ್ತದೆ ಎನ್ನುವುದಕ್ಕೆ ಅಡಿಗೆಮನೆಗೆ ಹೋಗೋಣ. ಹಂಚಿನ ಮೇಲಿಂದ ಈಗಷ್ಟೇ ತೆಗೆದ ಜೋಳದ ರೊಟ್ಟಿಯನ್ನು ನಾಲ್ಕು ಮಡಿಕೆ ಮಾಡಬಹುದು. ಅದೇ ಹಿಟ್ಟಿನ ಖಡಕ್ ರೊಟ್ಟಿ ಮಡಚಲು ಹೋದರೆ ಚಟ್ ಅಂತ ಮುರಿಯುತ್ತದೆ. ತಕ್ಕಡಿಯಲ್ಲಿ ಹಿಟ್ಟು ತೂಗಿದರೆ ಎರಡರದೂ ಒಂದೇ. ಡೆಕ್ಸಾ ಮಾಡುವುದು ಈ ಹಿಟ್ಟಿನ ತೂಕ. ಎಲುಬಿನ ಸುಮಾರು ಮೂರನೇ ಎರಡು ಭಾಗ ಖನಿಜ, ಉಳಿದದ್ದು ಹೆಚ್ಚಾಗಿ ಕೊಲಾಜೆನ್ ಎಂಬ ನಾರು ಮತ್ತು ನೀರು. ಗಟ್ಟಿತನ ಕೊಡುವುದು ಖನಿಜ. ಪೆಟ್ಟು ಬಿದ್ದಾಗ ತುಸು ಬಾಗಿ ಪೆಟ್ಟನ್ನು ನುಂಗಿಕೊಳ್ಳುವುದು ನಾರು. ಶುಗರ್ ಕೈ ಹಾಕುವುದು ಈ ನಾರಿಗೆ.

ಹೋಲಿಕೆಯನ್ನು ಬಹಳ ಎಳೆಯಬಾರದು. ಖಡಕ್ ರೊಟ್ಟಿ ಮುರಿಯುವುದು ನೀರು ಆರಿದ್ದಕ್ಕೆ. ಆದರೆ ರೊಟ್ಟಿಯ ಮೇಲೆ ಕಂದು ಬೊಟ್ಟುಗಳು ಏಳುತ್ತವಲ್ಲ, ಅಲ್ಲಿ ನಡೆದದ್ದೇ ಎಲುಬಿನಲ್ಲೂ ನಡೆಯುತ್ತದೆ. ಹಿಟ್ಟಿನ ಸಕ್ಕರೆ ಅಂಶ ಮತ್ತು ಪ್ರೊಟೀನು ಕಾವಿಗೆ ಒಂದಕ್ಕೊಂದು ಅಂಟಿಕೊಂಡು ಕಂದಾಗುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಮೇಯಾರ್ ಅವರ ಹೆಸರನ್ನೇ ಈ ಕ್ರಿಯೆಗೆ ಇಟ್ಟಿದ್ದಾರೆ. ಹಂಚಿನ ಮೇಲೆ ಅರೆ ನಿಮಿಷದಲ್ಲಿ ಆಗುವುದು ಮೈಯ 37 ಡಿಗ್ರಿ ಕಾವಿನಲ್ಲಿ ವರ್ಷಗಟ್ಟಲೆ, ಸದ್ದಿಲ್ಲದೆ ಆಗುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಕೊಲಾಜೆನ್ ನಾರುಗಳ ನಡುವೆ ಬೇಡದ ಗಂಟುಗಳು ಬೀಳುತ್ತವೆ, ನಾರು ಬಾಗುವ ಗುಣ ಕಳೆದುಕೊಳ್ಳುತ್ತದೆ.

ನೀವು ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಕೂಡ ಇದೇ ಅಂಟಿನ ಅಳತೆ: ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎನ್ನುವುದು. ರಕ್ತಕಣದ ಆಯುಸ್ಸು ಸುಮಾರು 120 ದಿನ. ಅದು ಹೋದರೆ ಅದರ ಲೆಕ್ಕವೂ ಹೋಯಿತು. ಎಲುಬಿನ ನಾರು ವರ್ಷಗಟ್ಟಲೆ ಬಾಳುತ್ತದೆ. ಈ ಸಲ ಎಚ್‌ಬಿಎ1ಸಿ 6.8 ಬಂತು ಅಂತ ಪೇಢೆ ಹಂಚಿದವರ ಎಲುಬಿನಲ್ಲಿ, ಹಿಂದೆ ಹತ್ತು ವರ್ಷ 9, 10 ಇದ್ದಾಗಿನ ಬಾಕಿ ಹಾಗೇ ಬರೆದಿಟ್ಟಿರುತ್ತದೆ. ಅದಕ್ಕೇ ನಾನು ಈಗ ಮೊದಲು ಕೇಳುವುದು "ಶುಗರ್ ಎಷ್ಟು ಅದ" ಅಂತಲ್ಲ, "ಎಷ್ಟು ವರ್ಷದಿಂದ ಅದ" ಅಂತ.

ಇನ್ನೊಂದು ಕಾರಣ ರಿಪೇರಿಯದು. ಎಲುಬು ಕಟ್ಟಿ ಬಿಟ್ಟ ಗೋಡೆಯಲ್ಲ. ದಿನವೂ ಹಳೆಯದನ್ನು ಅಗೆದು ತೆಗೆಯುವ ಕಣಗಳಿವೆ, ಹಿಂದೆಯೇ ಬಂದು ಹೊಸದು ತುಂಬುವ ಕಣಗಳಿವೆ. ಹೀಗೆ ವರ್ಷಕ್ಕೆ ಸುಮಾರು ನೂರಕ್ಕೆ ಹತ್ತರಷ್ಟು ಎಲುಬು ಹೊಸದಾಗುತ್ತದೆ. ಶುಗರಿನಲ್ಲಿ ಈ ಕೆಲಸವೇ ನಿಧಾನ. ನಡೆದಾಡುವಾಗ ಬೀಳುವ ಸಣ್ಣ ಬಿರುಕುಗಳು ರಿಪೇರಿಯಾಗದೆ ಕೂಡುತ್ತ ಹೋಗುತ್ತವೆ. ಮಳೆಗಾಲ ಮುಗಿದ ಮೇಲೆ ನಮ್ಮ ರಿಂಗ್ ರೋಡ್ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. (ನಗು.) ಜೊತೆಗೆ, ಕೆಲವರಲ್ಲಿ ಎಲುಬಿನ ಹೊರಗಿನ ಗಟ್ಟಿ ತೊಗಟೆಯೊಳಗೆ ಸೂಕ್ಷ್ಮ ತೂತುಗಳು ಹೆಚ್ಚುತ್ತವೆ. ಅವನ್ನು ಕಾಣುವ ಸ್ಕ್ಯಾನರುಗಳು ಸಂಶೋಧನಾ ಕೇಂದ್ರಗಳಲ್ಲಿವೆ. ನಮಗೆ ಅದರ ಚಿಂತೆ ಬೇಡ.

ಹಾಗಾದರೆ ಡೆಕ್ಸಾ ಬೇಡವೇ ಎಂದು ಒಬ್ಬರು ಇಲ್ಲೇ ತಡೆದು ಕೇಳಿದರು. ಬೇಕು, ಓದುವ ರೀತಿ ಬದಲಾಗಬೇಕು. 2011ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಬಂದ ದೊಡ್ಡ ಅಧ್ಯಯನ ತೋರಿಸಿಕೊಟ್ಟದ್ದು ಇಷ್ಟು: ಶುಗರ್ ಇದ್ದವರಲ್ಲೂ ಟಿ-ಸ್ಕೋರ್ ಇಳಿದಷ್ಟು ಅಪಾಯ ಏರುತ್ತದೆ, ಆದರೆ ಒಂದೇ ಸ್ಕೋರಿನಲ್ಲಿ ಶುಗರ್ ಇದ್ದವರ ಅಪಾಯ ಹೆಚ್ಚು. ಸುಮಾರಾಗಿ, ಅವರ ಸ್ಕೋರಿನಿಂದ ಇನ್ನೂ ಅರ್ಧ ಕಳೆದು ಓದಬೇಕು. -2 ಬಂದಿದ್ದರೆ -2.5 ಎಂದೇ ತಿಳಿಯಬೇಕು. ಅಮೆರಿಕದ ಡಯಾಬಿಟಿಸ್ ಸಂಘವೂ 2024ರ ಮಾರ್ಗಸೂಚಿಯಲ್ಲಿ, ಶುಗರ್ ಇದ್ದವರಿಗೆ -2.5ರವರೆಗೆ ಕಾಯದೆ -2ಕ್ಕೇ ಔಷಧದ ಯೋಚನೆ ಮಾಡಿ ಎಂದಿತು. 65 ದಾಟಿದವರಿಗೆ, ಹಾಗೂ ಬೇರೆ ಅಪಾಯಗಳಿರುವ ಕಿರಿಯರಿಗೆ ಸ್ಕ್ಯಾನ್ ಮಾಡಿಸಿ ಎಂದೂ ಹೇಳಿತು.

ಮುಂದಿನ ಹತ್ತು ವರ್ಷದಲ್ಲಿ ಎಲುಬು ಮುರಿಯುವ ಸಂಭವ ಎಷ್ಟು ಎಂದು ಹೇಳುವ ಫ್ರ್ಯಾಕ್ಸ್ ಎಂಬ ಲೆಕ್ಕಪಟ್ಟಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ತಯಾರಾಗಿ 2008ರಲ್ಲಿ ಹೊರಬಂತು. ಭಾರತದವರಿಗೆ ಬೇರೆ ಪಟ್ಟಿಯೂ ಇದೆ. ವಯಸ್ಸು, ತೂಕ, ಹಿಂದೆ ಮುರಿದದ್ದು, ತಂದೆತಾಯಿಯ ಚಪ್ಪೆ ಮುರಿದದ್ದು, ಬೀಡಿ-ಸಿಗರೇಟು, ಕುಡಿತ, ಸ್ಟೀರಾಯ್ಡ್ ಗುಳಿಗೆ, ಎಲ್ಲ ಕೇಳುತ್ತದೆ. ಮೂಲ ಪಟ್ಟಿಯಲ್ಲಿ ಎರಡನೇ ಬಗೆಯ ಶುಗರಿಗೆ ಮಾತ್ರ ಒಂದು ಖಾನೆಯೂ ಇಲ್ಲ! ಅದಕ್ಕೆ ತಜ್ಞರು ಕಂಡುಕೊಂಡ ಉಪಾಯ ಕೇಳಿದರೆ ನಗು ಬರುತ್ತದೆ: ರುಮಟಾಯ್ಡ್ ಸಂಧಿವಾತ ಇಲ್ಲದಿದ್ದರೂ "ಇದೆ" ಎಂದು ಟಿಕ್ ಹಾಕಿ, ಇಲ್ಲವೆ ವಯಸ್ಸಿಗೆ ಹತ್ತು ವರ್ಷ ಕೂಡಿಸಿ, ಇಲ್ಲವೆ ಟಿ-ಸ್ಕೋರಿನಲ್ಲಿ ಅರ್ಧ ಕಳೆಯಿರಿ. ಮೂರರಲ್ಲಿ ಒಂದು. ವಿಜ್ಞಾನ ಒಮ್ಮೊಮ್ಮೆ ನಮ್ಮ ತಲಾಟಿಗಳ ಹಾಗೆ, ಖಾನೆ ಇಲ್ಲದಿದ್ದರೆ ಇರುವ ಖಾನೆಯಲ್ಲೇ ಹೊಂದಿಸಿ ಬರೆಯುತ್ತದೆ. ನಾನು ಅರ್ಧ ಕಳೆಯುವವನು. ಮುಂದೆ ಆ ಕಾಗದ ನೋಡುವ ಡಾಕ್ಟರಿಗೆ ಇಲ್ಲದ ಸಂಧಿವಾತ ಕಾಣುವುದು ನನಗೆ ಸರಿಬರುವುದಿಲ್ಲ. ದೊಡ್ಡ ಊರುಗಳ ಕೆಲವು ಡೆಕ್ಸಾ ಯಂತ್ರಗಳಲ್ಲಿ ಟಿಬಿಎಸ್ ಎಂಬ ಸಾಫ್ಟ್‌ವೇರ್ ಇರುತ್ತದೆ. ಅದೇ ಬೆನ್ನೆಲುಬಿನ ಚಿತ್ರದ ನೇಯ್ಗೆ ನೋಡಿ, ಒಳಗಿನ ಜಾಲರಿ ಒತ್ತಾಗಿದೆಯೋ ಸಡಿಲಾಗಿದೆಯೋ ಎಂದು ಅಂದಾಜು ಕೊಡುತ್ತದೆ. ಶುಗರ್ ಇದ್ದವರಲ್ಲಿ ಸಾಂದ್ರತೆ ಸರಿ ಇದ್ದರೂ ಟಿಬಿಎಸ್ ಕಡಿಮೆ ಬರುವುದುಂಟು. ಇನ್ನೊಮ್ಮೆ ಸ್ಕ್ಯಾನ್ ಬೇಕಿಲ್ಲ, ಕಿರಣ ಹೆಚ್ಚಿಲ್ಲ. ಸ್ಕ್ಯಾನಿಗೆ ಹೋದಾಗ "ಟಿಬಿಎಸ್ ಅದ ಏನ್ರೀ" ಅಂತ ಒಂದು ಮಾತು ಕೇಳಿ.

ಈಗ ನಮ್ಮ ಸೀಮೆಯದೇ ಒಂದು ತೊಡಕು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುವುದು ನಮ್ಮ ದೇಶದ ಮಾನದಂಡ. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದವರ ಎಲುಬು ಸ್ಕ್ಯಾನಿನಲ್ಲಿ ದಟ್ಟವಾಗಿ, ಬೆಳ್ಳಗೆ, ಪೈಲ್ವಾನನ ಎಲುಬಿನ ಹಾಗೆ ಕಾಣುತ್ತದೆ. ಟಿ-ಸ್ಕೋರ್ +2, +3 ಬಂದರೂ ಆಶ್ಚರ್ಯವಿಲ್ಲ. ಆದರೆ ಆ ಎಲುಬಿನ ಹೆಣಿಗೆ ಹಾಳು. ಇದಕ್ಕೆ ಒಂದು ಪ್ರಯೋಗವೇ ಸಾಕ್ಷಿಯಿದೆ. ಎಲುಬು ದಟ್ಟ ಮಾಡಬೇಕು ಅಂತ ಅಮೆರಿಕದ ಮೇಯೋ ಕ್ಲಿನಿಕ್‌ನವರು ಮುಟ್ಟು ನಿಂತ 202 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ನಾಲ್ಕು ವರ್ಷ ಫ್ಲೋರೈಡನ್ನೇ ಔಷಧವಾಗಿ ಕೊಟ್ಟರು. ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಬೆನ್ನೆಲುಬಿನ ಸಾಂದ್ರತೆ ನೂರಕ್ಕೆ 35ರಷ್ಟು ಏರಿತ್ತು. ಬೆನ್ನೆಲುಬು ಮುರಿಯುವುದು ಮಾತ್ರ ಗಮನಾರ್ಹವಾಗಿ ತಗ್ಗಲಿಲ್ಲ, ಕೈಕಾಲಿನಂಥ ಬೇರೆ ಕಡೆಯ ಮುರಿತ ಹೆಚ್ಚಾಯಿತು. ಆ ಔಷಧವನ್ನು ಮುಂದೆ ಕೈಬಿಟ್ಟರು. ಹಲ್ಲಿನ ಮೇಲೆ ಹಳದಿ-ಕಂದು ಪಟ್ಟೆ ಇರುವ, ಹಳ್ಳಿಯ ಬೋರಿನ ನೀರು ಕುಡಿದು ಬೆಳೆದ, ಹತ್ತು ವರ್ಷದ ಶುಗರ್ ಇರುವ ಮನುಷ್ಯ "ನನ್ನ ಟಿ-ಸ್ಕೋರ್ ಭಾರಿ ಅದರಿ" ಅಂದರೆ ನನಗೆ ಸಮಾಧಾನವಾಗುವುದಿಲ್ಲ. ವಯಸ್ಸಾದವರ ಬೆನ್ನೆಲುಬಿನಲ್ಲಿ ಬೆಳೆಯುವ ಮುಳ್ಳುಗಳೂ ಸ್ಕೋರನ್ನು ಸುಳ್ಳೇ ಏರಿಸುತ್ತವೆ. ಆದ್ದರಿಂದ ಬೆನ್ನಿನ ಅಂಕಿಗಿಂತ ಚಪ್ಪೆಯ ಅಂಕಿಗೆ ಹೆಚ್ಚು ಬೆಲೆ ಕೊಡಿ.

ಇನ್ನು ಖರ್ಚಿಲ್ಲದ ಪರೀಕ್ಷೆಗಳು. ನನ್ನ ಮಟ್ಟಿಗೆ ಇವತ್ತಿನ ಭಾಷಣದಲ್ಲಿ ಮನೆಗೆ ಒಯ್ಯಬೇಕಾದದ್ದು ಇವೇ.

ಬೆನ್ನೆಲುಬಿನ ಮಣಿ ಮುರಿದರೆ ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ. "ಟೊಂಕ ಹಿಡದದ" ಅಂತ ಮುಲಾಮು ಹಚ್ಚಿ ಮಲಗುತ್ತಾರೆ. ಮಣಿ ಕುಸಿದಷ್ಟು ಎತ್ತರ ಇಳಿಯುತ್ತದೆ, ಬೆನ್ನು ಬಾಗುತ್ತದೆ. ಹರೆಯದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿದ್ದರೆ ಬೆನ್ನಿನ ಮಗ್ಗುಲ ಎಕ್ಸ್‌ರೇ ಮಾಡಿಸಬೇಕು. ಹಳೆಯ ಎತ್ತರ ಯಾರಿಗೆ ನೆನಪಿರುತ್ತದೆ ಅಂದರೆ, ನೌಕರಿಗೆ ಸೇರುವಾಗಿನ ಸರ್ವಿಸ್ ಬುಕ್ಕಿನ ಮೊದಲ ಪುಟದಲ್ಲಿ ಬರೆದಿರುತ್ತದೆ, ಇಲ್ಲಿ ಕೂತ ಹೆಚ್ಚಿನವರದು ಇದ್ದೇ ಇರುತ್ತದೆ. ಎರಡನೆಯದು ಗೋಡೆ ಪರೀಕ್ಷೆ. ಹಿಮ್ಮಡಿ, ಬೆನ್ನು ಗೋಡೆಗೆ ತಾಗಿಸಿ ನೇರ ನೋಡುತ್ತ ನಿಂತರೆ ತಲೆಯ ಹಿಂಭಾಗ ಗೋಡೆಗೆ ತಾಗಬೇಕು. ತಾಗದಿದ್ದರೆ ಎದೆಯ ಹಿಂದಿನ ಮಣಿಗಳ ಮೇಲೆ ಅನುಮಾನ. ಒಂದು ಮಣಿ ಹೀಗೆ ತಾನಾಗಿ ಕುಸಿದಿದೆ ಎಂದು ಎಕ್ಸ್‌ರೇ ಹೇಳಿದರೆ ಟಿ-ಸ್ಕೋರ್ ಎಷ್ಟೇ ಇರಲಿ, ಅದು ಆಸ್ಟಿಯೋಪೊರೋಸಿಸ್ ಎಂದೇ ಚಿಕಿತ್ಸೆ.

ಮೂರನೆಯದನ್ನು ಅಲ್ಲೇ ಮಾಡಿ ತೋರಿಸಿದೆವು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಹನ್ನೆರಡು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಸಂಭವ ಹೆಚ್ಚು. ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಹುರುಪಿನಿಂದ ಮುಂದೆ ಬಂದರು. ಏಳುವಾಗಲೇ ಕುರ್ಚಿಯ ತೋಳು ಎರಡೂ ಕೈಯಿಂದ ಹಿಡಿದರು, ತಿರುಗುವಾಗ ನಾಲ್ಕು ಸಣ್ಣ ಹೆಜ್ಜೆ ಇಟ್ಟರು. ಹದಿನಾರು ಸೆಕೆಂಡ್. "ಓಡೋ ಬಸ್ಸಿನ್ಯಾಗ ಕಂಬಿ ಹಿಡೀಲಾರದ ಟಿಕೀಟ್ ಹರದಾವ ನಾ" ಅಂತ ಅವರೇ ಬೇಸರ ಮಾಡಿಕೊಂಡರು. ಅವರ ಪಾದ ಮುಟ್ಟಿ ನೋಡಿದೆ. ಬೆರಳ ತುದಿಯಲ್ಲಿ ಸ್ಪರ್ಶ ಅರ್ಧ ಹೋಗಿತ್ತು.

ಗಟ್ಟಿ ಎಲುಬೂ ಬಿದ್ದರೆ ಮುರಿದೀತು, ಸಡಿಲ ಎಲುಬೂ ಬೀಳದಿದ್ದರೆ ಎಷ್ಟೋ ಸಲ ಉಳಿದೀತು. ಶುಗರ್ ಇದ್ದವರು ಹೆಚ್ಚು ಬೀಳುತ್ತಾರೆ. ಪಾದಕ್ಕೆ ನೆಲ ತಿಳಿಯುವುದಿಲ್ಲ, ಕಣ್ಣಿನ ಪರದೆ ಕೆಟ್ಟಿರುತ್ತದೆ, ಸಕ್ಕರೆ ಏರಿ ರಾತ್ರಿ ಮೂರು ಸಲ ಮೂತ್ರಕ್ಕೆ ಏಳಬೇಕಾಗುತ್ತದೆ. ನನ್ನ ಅಕ್ಕೋರ ಕಥೆಯಲ್ಲಿ ಈ ಮೂರೂ ಇದ್ದವು, ಯಾವುದನ್ನೂ ನಾನು ಕೇಳಿರಲಿಲ್ಲ. ನಾಲ್ಕನೆಯದು, ಸಕ್ಕರೆ ದಿಢೀರ್ ಇಳಿದು ಕಣ್ಣು ಕತ್ತಲೆ ಬರುವುದು. ಶ್ರಾವಣ ಸೋಮವಾರದ ಉಪವಾಸಕ್ಕೂ ರಮಜಾನಿನ ರೋಜಾಕ್ಕೂ ಮುಂಚೆ ಡಾಕ್ಟರನ್ನು ಕೇಳಿ ಇನ್ಸುಲಿನ್, ಗುಳಿಗೆಯ ಪ್ರಮಾಣ ಬದಲಿಸಿಕೊಳ್ಳಿ. ಗುಳಿಗೆ ನುಂಗಿ ಊಟ ಬಿಟ್ಟು ಬಿದ್ದವರನ್ನು ಪ್ರತಿವರ್ಷ ನೋಡುತ್ತೇನೆ.

ಶುಗರಿನ ಔಷಧಗಳಲ್ಲಿ ಒಂದರ ಹೆಸರು ಹೇಳಲೇಬೇಕು: ಪಯೋಗ್ಲಿಟಝೋನ್. ಮೂರು ಔಷಧ ಸೇರಿಸಿದ ಅಗ್ಗದ ಗುಳಿಗೆಗಳಲ್ಲಿ ಇದು ಬಹಳ ಸಲ ಇರುತ್ತದೆ. ಈ ಗುಂಪಿನ ಔಷಧಗಳು ಮಹಿಳೆಯರಲ್ಲಿ ಎಲುಬು ಮುರಿತ ಹೆಚ್ಚಿಸುತ್ತವೆ. ಇದರದೇ ಅಣ್ಣತಮ್ಮ ರೋಸಿಗ್ಲಿಟಝೋನ್ ಮೇಲಿನ 2006ರ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡ ಮಹಿಳೆಯರಲ್ಲಿ ನೂರಕ್ಕೆ 9.3 ಮಂದಿಗೆ, ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ 5.1 ಮಂದಿಗೆ ಎಲುಬು ಮುರಿದಿತ್ತು. ಗುಳಿಗೆಯ ಪಟ್ಟಿಯ ಹಿಂದೆ "ಪಯೋ" ಅಂತ ಕಂಡರೆ ನೀವೇ ನಿಲ್ಲಿಸಬೇಡಿ, ನಿಮ್ಮ ಡಾಕ್ಟರಿಗೆ ತೋರಿಸಿ. ಮೆಟ್‌ಫಾರ್ಮಿನ್‌ನಿಂದ ಎಲುಬಿಗೆ ತೊಂದರೆಯಿಲ್ಲ.

ಊಟದ ಮಾತು ಚಿಕ್ಕದು. ನಮ್ಮ ಜೋಳದಲ್ಲಿ ಕ್ಯಾಲ್ಸಿಯಂ ಕಡಿಮೆ, ನೂರು ಗ್ರಾಮಿಗೆ 28 ಮಿಲಿಗ್ರಾಂ ಆಸುಪಾಸು. ರಾಗಿಯಲ್ಲಿ 350 ಆಸುಪಾಸು. ಎಳ್ಳಿನಲ್ಲಿ ಸಾವಿರ ದಾಟುತ್ತದೆ. ಸಂಕ್ರಾಂತಿಗೆ ಮಾತ್ರ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡಬೇಕು ಅಂತ ಯಾರೂ ಕಾನೂನು ಮಾಡಿಲ್ಲ. ಮೊಸರು, ಮಜ್ಜಿಗೆ ಬಿಡಬೇಡಿ. ಡಿ ವಿಟಮಿನ್ನಿನದು ವಿಚಿತ್ರ: ಮೇ ತಿಂಗಳಲ್ಲಿ 42 ಡಿಗ್ರಿ ಸುಡುವ ಊರಲ್ಲಿ ನಾವೆಲ್ಲ ಬಿಸಿಲಿಗೆ ಹೆದರಿ ಒಳಗೆ ಕೂತು ಅದರ ಕೊರತೆ ಮಾಡಿಕೊಂಡಿದ್ದೇವೆ. ಹಾಗಂತ ವಾರಕ್ಕೊಂದು 60,000 ಯೂನಿಟ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗುವುದೂ ಸರಿಯಲ್ಲ. 70 ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ ಒಂದೇ ಸಲ ಐದು ಲಕ್ಷ ಯೂನಿಟ್ ಕೊಟ್ಟ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, 2010ರಲ್ಲಿ ಪ್ರಕಟವಾದದ್ದು, ಬೀಳುವುದೂ ಮುರಿಯುವುದೂ ಹೆಚ್ಚಾಗಿತ್ತು.

ಚಿಕಿತ್ಸೆ ಇದೆ. ವಾರಕ್ಕೊಂದು ಅಲೆಂಡ್ರೊನೇಟ್ ಗುಳಿಗೆ, ವರ್ಷಕ್ಕೊಂದು ಝೋಲೆಡ್ರೊನಿಕ್ ಸಲೈನ್. ಶುಗರ್ ಇದ್ದವರಲ್ಲೂ ಇವು ಕೆಲಸ ಮಾಡುತ್ತವೆ. ಕಿಡ್ನಿ ಪರೀಕ್ಷೆ ಮಾಡಿಸದೆ, ಹಲ್ಲಿನ ಡಾಕ್ಟರಿಗೆ ತೋರಿಸದೆ ಸಲೈನ್ ಹಾಕಿಸಿಕೊಳ್ಳಬೇಡಿ.

ಕೊನೆಗೆ ಹಿಂದಿನ ಸಾಲಿನಿಂದ ಅಮ್ಮ ಒಬ್ಬರು ಎದ್ದರು. "ಅಂದ್ರ ಖಡಕ್ ರೊಟ್ಟಿ ಬಿಡಬೇಕೇನ್ರೀ ಡಾಕ್ಟರ?" ರೊಟ್ಟಿಯ ಹೋಲಿಕೆ ಕೊಟ್ಟಾಗಲೇ ಈ ಪ್ರಶ್ನೆಗೆ ಕಾಯುತ್ತಿದ್ದೆ. "ಬಿಡಬ್ಯಾಡ್ರಿ ಅವ್ವಾ, ಲೆಕ್ಕ ಮಾಡಿ ತಿನ್ರಿ. ಬಚ್ಚಲದಾಗ ಒಂದು ಹಿಡಿಕಿ ಹಾಕಸ್ರಿ, ಲೈಟ್ ಹಾಕ್ಕೊಂಡು ಹೋಗ್ರಿ" ಅಂದೆ.

ಚಾ ಕುಡಿಯುವಾಗ ಎತ್ತರದ ಹಿರಿಯರೊಬ್ಬರು ಜೇಬಿನಿಂದ ಮಡಚಿದ ಕಾಗದ ತೆಗೆದರು. ಯಾವುದೋ ಉಚಿತ ಶಿಬಿರದಲ್ಲಿ ಹಿಮ್ಮಡಿ ಇಟ್ಟು ನೋಡುವ ಅಲ್ಟ್ರಾಸೌಂಡ್ ಯಂತ್ರದ ಚೀಟಿ. ಆ ಯಂತ್ರದ ಅಂಕಿಗೆ ವಿಶ್ವ ಆರೋಗ್ಯ ಸಂಸ್ಥೆಯ -2.5ರ ಗೆರೆ ಹೊಂದುವುದಿಲ್ಲ. "ಇದ್ರಾಗ ಎಲ್ಲಾ ನಾರ್ಮಲ್ ಅಂತ ಬರದಾರ್ರಿ, ನಂದೇನು ಚಿಂತಿಲ್ಲಲ್ರಿ?"

"ಶುಗರ್ ಎಷ್ಟು ವರ್ಷದಿಂದ ಅದರಿ?"

"ಹನ್ನೆರಡಾತ್ರಿ."

ಕಪ್ಪು ಕೆಳಗಿಟ್ಟು ಗೋಡೆಗೆ ಬೆನ್ನು ಹಚ್ಚಿ ನಿಲ್ಲಲು ಹೇಳಿದೆ. ನಿಂತರು. ತಲೆಗೂ ಗೋಡೆಗೂ ನಡುವೆ ನನ್ನ ನಾಲ್ಕು ಬೆರಳು ಸಲೀಸಾಗಿ ಹೋದವು. ಅವರ ಚೀಟಿಯ ಹಿಂದೆಯೇ ಬೆನ್ನಿನ ಎಕ್ಸ್‌ರೇ ಬರೆದುಕೊಟ್ಟೆ, ಮಗ್ಗುಲದ್ದು ಅಂತ ಕೆಳಗೆ ಗೆರೆ ಎಳೆದೆ.